ಇಲಿ ಪಾಷಾಣವನ್ನು ಎರಡನೇ ಸಲ ಯಾಕೆ ಮುಟ್ಟುವುದಿಲ್ಲ?

ಪ್ರಶ್ನೆ: ನಮ್ಮದು ತಿಪಟೂರು ಕಡೆಯ ಹಳ್ಳಿ. ಕೊಬ್ಬರಿಗೆ ಬಿಟ್ಟ ಕಾಯಿ ಅಟ್ಟದ ಮೇಲಿದೆ. ಇಲಿ ಕಾಟ ತಡೆಯಲಾರದೆ ಅಂಗಡಿಯಿಂದ ಕಪ್ಪು ಪುಡಿಯ ಪಾಷಾಣ ತಂದು ಅಕ್ಕಿ ನುಚ್ಚಿಗೆ ಕಲಸಿ ಇಟ್ಟೆವು. ಮೊದಲ ರಾತ್ರಿ ಎರಡು ಇಲಿ ಸತ್ತವು. ಆಮೇಲೆ ಎಷ್ಟು ಸಲ ಇಟ್ಟರೂ ಒಂದೂ ಮುಟ್ಟುತ್ತಿಲ್ಲ. ಪಾಷಾಣ ಹಾಕದೆ ಬರೀ ನುಚ್ಚು ಇಟ್ಟರೂ ತಿನ್ನುವುದಿಲ್ಲ. "ಪಾಷಾಣ ಇಡೋ ವಿಷ್ಯ ಮನೇಲಿ ಜೋರಾಗಿ ಮಾತಾಡ್ಬೇಡಿ, ಇಲಿಗೆ ಕೇಳ್ಸುತ್ತೆ" ಅಂತಾರೆ ನಮ್ಮಜ್ಜಿ. ನಿಜಕ್ಕೂ ಇಲಿಗೆ ಅಷ್ಟು ಬುದ್ಧಿ ಇದೆಯಾ? ಸತ್ತ ಇಲಿಗಳನ್ನು ನೋಡಿ ಉಳಿದವು ಕಲಿತವಾ? ಒಂದಕ್ಕೊಂದು ಹೇಳಿಕೊಳ್ಳುತ್ತವಾ? ಯಾರಾದರೂ ಪ್ರಯೋಗ ಮಾಡಿ ನೋಡಿದ್ದಾರಾ?

ಉತ್ತರ: ನೋಡಿದ್ದಾರೆ, ತುಂಬಾ ಕಾಲದಿಂದ ನೋಡುತ್ತಾ ಬಂದಿದ್ದಾರೆ. ನಿಮ್ಮ ಪ್ರಶ್ನೆಯಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಒಂದು ಸಣ್ಣ ಸಾಲು. ಪಾಷಾಣ ಇಲ್ಲದ ಬರೀ ನುಚ್ಚನ್ನೂ ಇಲಿ ತಿನ್ನುತ್ತಿಲ್ಲ ಅಂದಿದ್ದೀರಿ. ಅದು ವಿಷವನ್ನೇ ಗುರುತು ಹಿಡಿದಿದ್ದರೆ ಬರೀ ನುಚ್ಚನ್ನು ಆರಾಮಾಗಿ ತಿನ್ನಬೇಕಿತ್ತು, ಅಲ್ವಾ? ತಿನ್ನಲಿಲ್ಲ. ಅಂದರೆ ಅದಕ್ಕೆ ಈಗ ಬೇಡವಾಗಿರುವುದು ನುಚ್ಚಿನ ರುಚಿ. ನಿಮ್ಮ ಮನೆಯ ಮಾತನ್ನು ಯಾವ ಇಲಿಯೂ ಕೇಳಿಸಿಕೊಂಡಿಲ್ಲ. ಕೆಲವು ಇಲಿಗಳ ಹೊಟ್ಟೆ ಕೆಟ್ಟಿದೆ, ಅಷ್ಟೇ ಸಾಕಾಗಿದೆ.

ಆ ರಾತ್ರಿ ನಡೆದದ್ದು ಬಹುಶಃ ಹೀಗೆ. ಇಲಿಗಳು ದಿನಾ ಓಡಾಡುವ ದಾರಿಯಲ್ಲಿ ಹೊಸದೊಂದು ತಟ್ಟೆ ಬಂತು. ಇಲಿಗೆ ಹೊಸದು ಅಂದರೇ ಅನುಮಾನ. ಬ್ರಿಟನ್ನಿನ ವಿಜ್ಞಾನಿ ಎಸ್.ಎ. ಬಾರ್ನೆಟ್ ಯಾರೂ ಸಾಕದೆ ತಾವಾಗಿಯೇ ಬದುಕುವ ಇಲಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವರು. ಇಲಿಗಳಿಗೆ ಚೆನ್ನಾಗಿ ಪರಿಚಯವಿರುವ ಜಾಗದಲ್ಲಿ ಹೊಸ ಡಬ್ಬಿಯೊಂದನ್ನು ಸುಮ್ನೆ ತಂದಿಟ್ಟರೂ ಅವು ಅದರಿಂದ ದೂರ ಸರಿದು ಸುತ್ತು ಹಾಕಿ ಹೋಗುವುದನ್ನು ಅವರು ಕಂಡರು. ಹಸಿವಿದ್ದರೂ ಹತ್ತಿರ ಬರಲು ಹಿಂಜರಿಯುತ್ತವೆ. ಲ್ಯಾಬಿನಲ್ಲಿ ತಲೆಮಾರುಗಳಿಂದ ಸಾಕಿದ ಬಿಳಿ ಇಲಿಗಳಲ್ಲಿ ಈ ಅಂಜಿಕೆ ಬಹಳ ಕಮ್ಮಿ. ಆದರೆ ಅಟ್ಟದ ಇಲಿಗಳಲ್ಲಿ ಹಾಗೇ ಇದೆ. ಕೊನೆಗೆ ಧೈರ್ಯ ಮಾಡಿ ಬಂದರೂ ಮೊದಲು ಒಂದು ಚೂರು ತಿಂದು ಬಿಟ್ಟುಬಿಡುತ್ತವೆ.

ನೀವು ತಂದ ಕಪ್ಪು ಪುಡಿ ಬಹುಶಃ ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯ ಆಮ್ಲಕ್ಕೆ ಸೇರಿದ ಕೂಡಲೇ ಫಾಸ್ಫೀನ್ ಅನ್ನುವ ವಿಷಾನಿಲ ಹುಟ್ಟುತ್ತದೆ. ಹೊಟ್ಟೆ ತುಂಬ ತಿಂದ ಎರಡು ಇಲಿ ಸತ್ತವು. ಚೂರು ರುಚಿ ನೋಡಿದವು ನರಳಿದವು, ಆದರೆ ಬದುಕಿಕೊಂಡವು. ಇನ್ನೊಂದು ವಿಷಯ ಗೊತ್ತಿರಲಿ: ಇಲಿಗೆ ವಾಂತಿ ಮಾಡಲು ಬರುವುದಿಲ್ಲ. ನಾಯಿ, ಬೆಕ್ಕು ಕೆಟ್ಟದ್ದನ್ನು ತಿಂದರೆ ಕಕ್ಕುತ್ತವೆ. ಇಲಿಯ ಶರೀರದಲ್ಲಿ ಆ ವ್ಯವಸ್ಥೆಯೇ ಇಲ್ಲ. ಒಳಗೆ ಹೋದದ್ದು ಒಳಗೇ. ಹಾಗಾಗಿ ಬಾಯಿಗೆ ಹಾಕುವ ಮುಂಚೆಯೇ ಹುಷಾರಾಗಿರುವ ಇಲಿ ಉಳಿಯುತ್ತದೆ, ಅದರ ಮರಿಗಳು ಉಳಿಯುತ್ತವೆ. ಲಕ್ಷಾಂತರ ವರ್ಷಗಳಿಂದ ಹೀಗೇ ನಡೆದಿದೆ.

ಪಾಷಾಣ ಇಡುವವರಿಗೆ ಇದೆಲ್ಲ ಅನುಭವದಿಂದ ಗೊತ್ತಿತ್ತು. ಎರಡನೇ ಮಹಾಯುದ್ಧದ ಕಾಲದಲ್ಲಿ ಆಹಾರ ದಾಸ್ತಾನು ಉಳಿಸಲು ಇಂಗ್ಲೆಂಡ್, ಅಮೆರಿಕದ ಸರ್ಕಾರಗಳು ಇಲಿಗಳ ಮೇಲೆ ದೊಡ್ಡ ಮಟ್ಟದ ಸಂಶೋಧನೆ ಮಾಡಿಸಿದವು. ಆಕ್ಸ್‌ಫರ್ಡ್‌ನಲ್ಲಿ ಚಾರ್ಲ್ಸ್ ಎಲ್ಟನ್ ಅವರ ತಂಡ, ಬಾಲ್ಟಿಮೋರ್‌ನಲ್ಲಿ ಕರ್ಟ್ ರಿಕ್ಟರ್ ಇದೇ ಕೆಲಸದಲ್ಲಿದ್ದರು. ಒಮ್ಮೆ ಕಾಯಿಲೆ ಬಿದ್ದು ಎದ್ದ ಇಲಿ ಅದೇ ತಿನಿಸಿನ ಹತ್ತಿರ ಬರುವುದಿಲ್ಲ ಎಂದು ಎಲ್ಲರೂ ಕಂಡರು. ಆದರೆ ಆ ಕಾಲದ ಮನಶ್ಶಾಸ್ತ್ರದ ಪಾಠದ ಪ್ರಕಾರ ಇದು ಆಗಲೇಬಾರದಿತ್ತು! ಇಲಿ ಹಿಡಿಯುವವನಿಗೆ ಗೊತ್ತಿದ್ದ ಸತ್ಯವನ್ನು ಪ್ರೊಫೆಸರುಗಳು ಒಪ್ಪಲು ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ಈ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದು ಇದರಲ್ಲೇ.

ರಷ್ಯಾದ ಇವಾನ್ ಪಾವ್ಲೋವ್ ಹೆಸರು ಕೇಳಿರುತ್ತೀರಿ. ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ 1904ರಲ್ಲಿ ನೊಬೆಲ್ ಪಡೆದವರು. ಒಂದು ಸದ್ದು ಮಾಡಿ ಕೂಡಲೇ ನಾಯಿಗೆ ಊಟ ಕೊಡುತ್ತಾ ಬಂದರೆ, ಕೆಲವು ದಿನದಲ್ಲಿ ಬರೀ ಸದ್ದಿಗೇ ನಾಯಿ ಜೊಲ್ಲು ಸುರಿಸುತ್ತದೆ. ಇದರಿಂದ ಆಮೇಲಿನವರು ಮೂರು ನಿಯಮ ಮಾಡಿಕೊಂಡರು. ಕಲಿಯಲು ಹಲವು ಸಲದ ಅಭ್ಯಾಸ ಬೇಕು. ಎರಡು ಘಟನೆಗಳ ನಡುವೆ ಅಂತರ ಕೆಲವೇ ಸೆಕೆಂಡು ಇರಬೇಕು. ಮೂರನೆಯದು, ಯಾವ ಸೂಚನೆಯನ್ನು ಯಾವ ಫಲಕ್ಕೆ ಬೇಕಾದರೂ ಗಂಟು ಹಾಕಬಹುದು: ಬೆಳಕಾಗಲಿ, ಸದ್ದಾಗಲಿ, ರುಚಿಯಾಗಲಿ, ಪ್ರಾಣಿಗೆ ಎಲ್ಲ ಒಂದೇ. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಇಲಿ, ಪಾರಿವಾಳಗಳನ್ನು ಪೆಟ್ಟಿಗೆಯಲ್ಲಿಟ್ಟು ಸನ್ನೆಕೋಲು ಒತ್ತಿಸಿ ಕಾಳು ಕೊಡುವ ಪ್ರಯೋಗಗಳು ಸಾವಿರಗಟ್ಟಲೆ ನಡೆದವು. ಈ ನಿಯಮಗಳೂ ಗಟ್ಟಿಯಾಗುತ್ತಾ ಹೋದವು.

ಈಗ ನಿಮ್ಮ ಅಟ್ಟದ ಇಲಿಯನ್ನು ಈ ನಿಯಮಗಳ ಎದುರು ಇಟ್ಟು ನೋಡಿ. ಕಲಿತದ್ದು ಒಂದೇ ಸಲಕ್ಕೆ. ತಿಂದದ್ದಕ್ಕೂ ಹೊಟ್ಟೆ ಕೆಟ್ಟದ್ದಕ್ಕೂ ನಡುವೆ ಗಂಟೆಗಳೇ ಇರಬಹುದು. ಆ ನಡುವೆ ಇಲಿ ಓಡಾಡಿದೆ, ಜಗಳ ಆಡಿದೆ, ಬೆಕ್ಕಿನ ಸದ್ದು ಕೇಳಿದೆ, ತೊಲೆ ಹತ್ತಿ ಇಳಿದಿದೆ. ಇಷ್ಟೆಲ್ಲ ಆದ ಮೇಲೂ ದೂರು ಹೊರಿಸಿದ್ದು ನುಚ್ಚಿನ ಮೇಲೆ ಮಾತ್ರ. ಯಾಕೆ?

ಇದನ್ನು ಬಿಡಿಸಿದವರು ಜಾನ್ ಗಾರ್ಸಿಯಾ. 1917ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಸ್ಪೇನಿನಿಂದ ವಲಸೆ ಬಂದು ತೋಟಗಳಲ್ಲಿ ದುಡಿಯುತ್ತಿದ್ದವರು. ಗಾರ್ಸಿಯಾ ಮೆಕ್ಯಾನಿಕ್ ಕೆಲಸ ಮಾಡಿ, ಯುದ್ಧದ ಕಾಲದಲ್ಲಿ ಸೈನ್ಯದಲ್ಲಿದ್ದು, ಆಮೇಲೆ ಓದಿಗೆ ಬಂದರು. 1951ರ ಹೊತ್ತಿಗೆ ಸ್ಯಾನ್ ಫ್ರಾನ್ಸಿಸ್ಕೋದ ಹಂಟರ್ಸ್ ಪಾಯಿಂಟ್‌ನಲ್ಲಿದ್ದ ಅಮೆರಿಕ ನೌಕಾಪಡೆಯ ವಿಕಿರಣ ಪ್ರಯೋಗಾಲಯ ಸೇರಿದರು. ಅಣುಬಾಂಬಿನ ಕಾಲ ಅದು. ಕಮ್ಮಿ ಪ್ರಮಾಣದ ವಿಕಿರಣ ಪ್ರಾಣಿಗೆ ಏನು ಮಾಡುತ್ತದೆ ಎಂದು ನೋಡುವುದು ಅವರ ಕೆಲಸ.

ಅಲ್ಲೊಂದು ವಿಚಿತ್ರ ಕಂಡಿತು. ವಿಕಿರಣದ ಗೂಡಿನಲ್ಲಿ ಇಲಿಗಳು ಬರಬರುತ್ತಾ ನೀರು ಕುಡಿಯುವುದನ್ನೇ ಕಮ್ಮಿ ಮಾಡಿದವು. ತಮ್ಮ ಮಾಮೂಲಿ ಪಂಜರಕ್ಕೆ ವಾಪಸ್ ಹೋದರೆ ಅದೇ ಇಲಿಗಳು ಚೆನ್ನಾಗಿ ಕುಡಿಯುತ್ತಿದ್ದವು. ನೀರು ಅದೇ ನೀರು. ವ್ಯತ್ಯಾಸ ಇದ್ದದ್ದು ಬಾಟಲಿಯಲ್ಲಿ. ಪಂಜರದಲ್ಲಿ ಗಾಜಿನ ಬಾಟಲಿ, ವಿಕಿರಣದ ಗೂಡಿನಲ್ಲಿ ಪ್ಲಾಸ್ಟಿಕ್ ಬಾಟಲಿ. ಪ್ಲಾಸ್ಟಿಕ್ ನೀರಿಗೆ ಸಣ್ಣ ವಾಸನೆ, ರುಚಿ ಹತ್ತಿರುತ್ತದೆ. ಆ ರುಚಿಗೂ ವಿಕಿರಣದಿಂದ ಬಂದ ಹೊಟ್ಟೆ ತೊಳಸಿಗೂ ಇಲಿಗಳು ನಂಟು ಕಟ್ಟಿಕೊಂಡಿದ್ದವು. ಇಂಥ ಸಣ್ಣ ವಿಷಯವನ್ನು ಗಮನಿಸುವ ಕಣ್ಣು ಎಲ್ಲರಿಗೂ ಇರುವುದಿಲ್ಲ. ಎಷ್ಟೋ ಜನ ಬಾಟಲಿ ಬದಲಾಯಿಸಿ ಸುಮ್ಮನಾಗುತ್ತಿದ್ದರು.

ಗಾರ್ಸಿಯಾ ಮತ್ತು ಜೊತೆಗಾರರು ಅನುಮಾನವನ್ನು ನೇರವಾಗಿ ಪರೀಕ್ಷೆಗೆ ಇಟ್ಟರು. ಇಲಿಗಳಿಗೆ ಸ್ಯಾಕರಿನ್ ಹಾಕಿದ ಸಿಹಿ ನೀರು ಕೊಟ್ಟು, ಆ ಹೊತ್ತಿಗೇ ವಿಕಿರಣ ತಾಗುವಂತೆ ಮಾಡಿದರು. ಇಲಿಗೆ ಸಿಹಿ ಅಂದರೆ ಪ್ರಾಣ. ವಿಕಿರಣ ತಾಗದ ಇಲಿಗಳು ಸಿಹಿ ನೀರಿಗೇ ಮುಗಿಬಿದ್ದವು. ತಾಗಿದ ಇಲಿಗಳು ವಾರಗಟ್ಟಲೆ ಸಿಹಿಯನ್ನು ದೂರ ಇಟ್ಟವು. ವಿಕಿರಣದ ಪ್ರಮಾಣ ಜಾಸ್ತಿಯಾದಷ್ಟೂ ಈ ಜಿಗುಪ್ಸೆಯೂ ಜಾಸ್ತಿ. 1955ರಲ್ಲಿ ಈ ಫಲಿತಾಂಶ ಸೈನ್ಸ್ ಪತ್ರಿಕೆಯಲ್ಲಿ ಬಂತು.

ಇದಕ್ಕಿಂತ ದೊಡ್ಡ ಪ್ರಯೋಗ 1966ರಲ್ಲಿ, ರಾಬರ್ಟ್ ಕೋಲಿಂಗ್ ಜೊತೆ ಮಾಡಿದ್ದು. ನಾನು ಪಾಠ ಮಾಡುವಾಗಲೆಲ್ಲ ಈ ಪ್ರಯೋಗವನ್ನು ಪೂರ್ತಿ ವಿವರಿಸಿಯೇ ಮುಂದೆ ಹೋಗುತ್ತೇನೆ. ಅಷ್ಟು ಸರಳ, ಅಷ್ಟು ಗಟ್ಟಿ.

ಇಲಿ ನೀರಿನ ನಳಿಗೆ ನಾಲಿಗೆ ತಾಗಿಸಿದರೆ ಸಾಕು, ಪ್ರತಿ ಸಲವೂ ಒಂದು ದೀಪ ಫಕ್ಕನೆ ಹೊತ್ತಿ, "ಟಿಕ್" ಎಂದು ಸದ್ದಾಗುತ್ತದೆ. ನೀರಿಗೆ ಒಂದು ರುಚಿಯನ್ನೂ ಸೇರಿಸಿದ್ದಾರೆ. ಅಂದರೆ ಇಲಿ ಕುಡಿಯುತ್ತಿರುವುದು ಬೆಳಕಿನ, ಸದ್ದಿನ, ರುಚಿಯ ನೀರು. ಮೂರೂ ಒಟ್ಟಿಗೆ. ಆಮೇಲೆ ಕೆಲವು ಇಲಿಗಳಿಗೆ ಕುಡಿಯುವಾಗ ಕಾಲಿಗೆ ಶಾಕ್ ಹೊಡೆಸಿದರು. ಇನ್ನು ಕೆಲವಕ್ಕೆ ಎಕ್ಸ್-ರೇಯಿಂದಲೋ ಲಿಥಿಯಂ ಲವಣದಿಂದಲೋ ಹೊಟ್ಟೆ ಕೆಡಿಸಿದರು. ಕೊನೆಗೆ ಮೂರನ್ನೂ ಬಿಡಿಸಿ ಪರೀಕ್ಷೆ ಮಾಡಿದರು. ಒಮ್ಮೆ ರುಚಿ ಇದೆ, ಬೆಳಕು ಸದ್ದು ಇಲ್ಲ. ಇನ್ನೊಮ್ಮೆ ಬೆಳಕು ಸದ್ದು ಇದೆ, ರುಚಿ ಇಲ್ಲದ ಸಪ್ಪೆ ನೀರು.

ಹಳೆಯ ನಿಯಮ ಸರಿಯಾಗಿದ್ದರೆ ಎಲ್ಲ ಇಲಿಗಳೂ ಎರಡಕ್ಕೂ ಹೆದರಬೇಕಿತ್ತು. ಹಾಗೆ ಆಗಲಿಲ್ಲ. ಹೊಟ್ಟೆ ಕೆಟ್ಟ ಇಲಿಗಳು ರುಚಿಯ ನೀರನ್ನು ಬಿಟ್ಟವು, ಬೆಳಕು ಸದ್ದಿನ ನೀರನ್ನು ಏನೂ ಆಗದವರ ಹಾಗೆ ಕುಡಿದವು. ಶಾಕ್ ತಿಂದ ಇಲಿಗಳು ಬೆಳಕು ಸದ್ದಿಗೆ ಬೆದರಿದವು, ರುಚಿಯ ನೀರನ್ನು ನೆಮ್ಮದಿಯಾಗಿ ಕುಡಿದವು. ಹೊಟ್ಟೆಯ ನೋವಿಗೆ ಕಾರಣ ಬಾಯಿಗೆ ಬಂದದ್ದು, ಚರ್ಮದ ನೋವಿಗೆ ಕಾರಣ ಕಣ್ಣಿಗೆ ಕಿವಿಗೆ ಬಂದದ್ದು. ಈ ಲೆಕ್ಕಾಚಾರ ಇಲಿಯ ಶರೀರದಲ್ಲೇ ಬರೆದಿಟ್ಟ ಹಾಗಿದೆ.

ಅದೇ ವರ್ಷ ಇನ್ನೊಂದು ಪ್ರಯೋಗದಲ್ಲಿ ಗಾರ್ಸಿಯಾ ತಂಡ ರುಚಿಗೂ ಕಾಯಿಲೆಗೂ ನಡುವೆ ಒಂದು ಗಂಟೆಗಿಂತ ಜಾಸ್ತಿ ಅಂತರ ಇಟ್ಟಿತು. ಇಲಿಗಳು ಆಗಲೂ ಕಲಿತವು. 1967ರಲ್ಲಿ ಬೇರೊಂದು ತಂಡ ಅಂತರವನ್ನು 12 ಗಂಟೆಯವರೆಗೆ ಎಳೆದರೂ ಕಲಿತವು. ಇಡೀ ದಿನ ಕಳೆದ ಮೇಲೆ ಕಾಯಿಲೆ ಬಂದರೆ ಮಾತ್ರ ನಂಟು ಕೂಡುವುದಿಲ್ಲ. ಈ ಒಂದು ಅಂಶ ನೆನಪಿಟ್ಟುಕೊಳ್ಳಿ, ಮುಂದೆ ನಿಮಗೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಗಾರ್ಸಿಯಾರ ಈ ಕೆಲಸವನ್ನು ಆ ಕಾಲದ ಹೆಸರಾಂತ ಪತ್ರಿಕೆಗಳು ವಾಪಸ್ ಕಳಿಸಿದವು. ಪ್ರಸಿದ್ಧ ಮನಶ್ಶಾಸ್ತ್ರಜ್ಞರೊಬ್ಬರು, ಗೋಡೆ ಗಡಿಯಾರದ ಮರದ ಕೋಗಿಲೆ ಹಿಕ್ಕೆ ಹಾಕಿತು ಅಂದರೆ ಎಷ್ಟು ನಂಬಬಹುದೋ ಇದನ್ನೂ ಅಷ್ಟೇ ನಂಬಬಹುದು ಎಂಬ ಅರ್ಥದ ಮಾತು ಹೇಳಿದ್ದರಂತೆ. ಇದನ್ನು ಓದಿದಾಗಲೆಲ್ಲ ನನಗೆ ಬೇಜಾರಾಗುತ್ತದೆ. ಇಲಿಗಳು ಕಣ್ಣೆದುರೇ ಮಾಡಿ ತೋರಿಸುತ್ತಿದ್ದವು, ದೊಡ್ಡವರು ನಿಯಮದ ಕಡೆಗೆ ಮಾತ್ರ ನೋಡುತ್ತಿದ್ದರು. ಗಾರ್ಸಿಯಾಗೆ ಪಿಎಚ್.ಡಿ. ಸಿಕ್ಕಿದ್ದೇ 1965ರಲ್ಲಿ, ನಲವತ್ತೆಂಟು ತುಂಬುವ ವಯಸ್ಸಿನಲ್ಲಿ. ಆಮೇಲೆ ಬೇರೆ ಬೇರೆ ಲ್ಯಾಬುಗಳಲ್ಲಿ ಅದೇ ಫಲಿತಾಂಶ ಮತ್ತೆ ಮತ್ತೆ ಬಂತು, ಜನ ಒಪ್ಪಿದರು. 1983ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ಇವತ್ತು ಈ ಬಗೆಯ ಕಲಿಕೆಗೆ ಅವರ ಹೆಸರನ್ನೇ ಇಟ್ಟು ಗಾರ್ಸಿಯಾ ಪರಿಣಾಮ ಅನ್ನುತ್ತಾರೆ.

ಇನ್ನು "ಅಷ್ಟು ಬುದ್ಧಿ ಇದೆಯಾ" ಎಂಬ ಪ್ರಶ್ನೆ. ಬುದ್ಧಿ ಎಷ್ಟು ಎಂದು ಅಳೆಯಲು ಹೋದರೆ ನಾವು ದಾರಿ ತಪ್ಪುತ್ತೇವೆ ಅನ್ನುವುದು ನನ್ನ ಅಭಿಪ್ರಾಯ. ಯಾವ ಪ್ರಾಣಿ ಯಾವುದನ್ನು ಸಲೀಸಾಗಿ ಕಲಿಯುತ್ತದೆ, ಯಾವುದನ್ನು ಎಷ್ಟು ಹೊಡೆದುಕೊಂಡರೂ ಕಲಿಯುವುದಿಲ್ಲ ಎಂದು ಕೇಳಬೇಕು. ರುಚಿ ಮತ್ತು ಹೊಟ್ಟೆನೋವಿನ ನಂಟನ್ನು ಒಂದೇ ಸಲಕ್ಕೆ ಕಲಿಯುವ ಅದೇ ಇಲಿ, ದೀಪ ಮತ್ತು ಹೊಟ್ಟೆನೋವಿನ ನಂಟನ್ನು ಕಲಿಯಲು ತಿಣುಕುತ್ತದೆ. ಎರಡರಲ್ಲಿ ಯಾವುದನ್ನು ನೋಡಿ ಜಾಣ ಅನ್ನುತ್ತೀರಿ, ಯಾವುದನ್ನು ನೋಡಿ ದಡ್ಡ ಅನ್ನುತ್ತೀರಿ?

ಪ್ರಾಣಿ ಬದಲಾದರೆ ನಂಟೂ ಬದಲಾಗುತ್ತದೆ. 1971ರ ಒಂದು ಪ್ರಯೋಗದಲ್ಲಿ ಇಲಿಗಳಿಗೂ, ನಮ್ಮ ಗೌಜಲಕ್ಕಿಯನ್ನು ಹೋಲುವ ಬಾಬ್‌ವೈಟ್ ಕ್ವೇಲ್ ಹಕ್ಕಿಗಳಿಗೂ ನೀಲಿ ಬಣ್ಣದ ಹುಳಿ ನೀರು ಕುಡಿಸಿ, ಆಮೇಲೆ ಹೊಟ್ಟೆ ಕೆಡಿಸಿದರು. ಇಲಿಗಳು ಹುಳಿಯನ್ನು ಬಿಟ್ಟವು, ನೀಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಹಕ್ಕಿಗಳು ಹುಳಿಗಿಂತ ನೀಲಿಯನ್ನೇ ಜಾಸ್ತಿ ದೂರ ಇಟ್ಟವು. ಇಲಿ ರಾತ್ರಿ ಮೂಸಿ ತಿನ್ನುವ ಪ್ರಾಣಿ. ಹಕ್ಕಿ ಹಗಲು ಬೆಳಕಿನಲ್ಲಿ ಕಣ್ಣಲ್ಲಿ ನೋಡಿ ಕಾಳು ಹೆಕ್ಕುತ್ತದೆ. ನಿಮ್ಮ ತೋಟದ ಬೇಲಿಯ ಎಕ್ಕದ ಗಿಡದಲ್ಲೇ ಇದರ ಇನ್ನೊಂದು ಮುಖ ಇದೆ. ಕಪ್ಪು ಬಿಳಿ ಅಂಚಿನ ಕಿತ್ತಳೆ ಬಣ್ಣದ ಪ್ಲೇನ್ ಟೈಗರ್ ಚಿಟ್ಟೆಯ ಹುಳು ಎಕ್ಕದೆಲೆ ತಿಂದು ಬೆಳೆಯುತ್ತದೆ. ಎಕ್ಕದ ವಿಷ ಚಿಟ್ಟೆಯ ಮೈಯಲ್ಲೂ ಉಳಿಯುತ್ತದೆ. ಇದೇ ಬಳಗದ ಮೊನಾರ್ಕ್ ಚಿಟ್ಟೆಯನ್ನು ಅಮೆರಿಕದ ಲಿಂಕನ್ ಬ್ರೋವರ್ 1960ರ ದಶಕದಲ್ಲಿ ಬ್ಲೂ ಜೇ ಹಕ್ಕಿಗಳಿಗೆ ತಿನ್ನಿಸಿ ನೋಡಿದರು. ಒಮ್ಮೆ ತಿಂದು ವಾಂತಿ ಮಾಡಿಕೊಂಡ ಹಕ್ಕಿ ಆಮೇಲೆ ಆ ಬಣ್ಣ ಕಂಡರೇ ಹಿಂದೆ ಸರಿಯುತ್ತಿತ್ತು. ಎಕ್ಕದ ಚಿಟ್ಟೆ ಅಷ್ಟು ನಿಧಾನವಾಗಿ, ಎದ್ದು ಕಾಣುವ ಬಣ್ಣದಲ್ಲಿ ಹಾರಾಡಿಕೊಂಡಿರುವುದು ಇದೇ ಧೈರ್ಯದ ಮೇಲೆ.

ಈ ಕಲಿಕೆ ಪೂರ್ತಿ ಇಲ್ಲದ ಪ್ರಾಣಿಯೂ ಇದೆ. ದಕ್ಷಿಣ ಮತ್ತು ಮಧ್ಯ ಅಮೆರಿಕದ ರಕ್ತ ಹೀರುವ ಬಾವಲಿ ಬರೀ ಬಿಸಿ ರಕ್ತ ಕುಡಿದು ಬದುಕುತ್ತದೆ. 2003ರಲ್ಲಿ ನಾಲ್ಕು ಜಾತಿಯ ಬಾವಲಿಗಳನ್ನು ಹೋಲಿಸಿ ನೋಡಿದರು. ಬೇರೆ ಮೂರು ಜಾತಿಗಳು ಹೊಟ್ಟೆ ಕೆಡಿಸಿದ ರುಚಿಯನ್ನು ಬಿಟ್ಟವು. ರಕ್ತ ಹೀರುವ ಬಾವಲಿ ಮಾತ್ರ ಬಿಡಲಿಲ್ಲ. ದಿನಾ ಒಂದೇ ಊಟ ಮಾಡುವ ಪ್ರಾಣಿಗೆ ರುಚಿ ನೋಡಿ ಆರಿಸುವ ಸಂದರ್ಭವೇ ಬರುವುದಿಲ್ಲ. ಬೇಡದ ಕಲಿಕೆ ಅದರಲ್ಲಿ ಉಳಿದಿಲ್ಲ.

ಈಗ ಸತ್ತ ಇಲಿಗಳನ್ನು ನೋಡಿ ಉಳಿದವು ಕಲಿತವಾ ಎಂಬ ಪ್ರಶ್ನೆಗೆ ಬರೋಣ. ನಾವೆಲ್ಲ ಸಹಜವಾಗಿ ಹಾಗೇ ಅಂದುಕೊಳ್ಳುತ್ತೇವೆ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದ ಬೆನೆಟ್ ಗೇಲೆಫ್ ತಮ್ಮ ಜೀವಮಾನದ ಹೆಚ್ಚಿನ ಭಾಗವನ್ನು ಇದೇ ವಿಷಯಕ್ಕೆ ಕೊಟ್ಟರು. ಅವರು ಕಂಡದ್ದು ಯಾರೂ ಊಹಿಸದ ಉತ್ತರ.

ಒಂದು ಇಲಿಗೆ ದಾಲ್ಚಿನ್ನಿಯ ತಿಂಡಿ, ಇನ್ನೊಂದಕ್ಕೆ ಕೋಕೋ ತಿಂಡಿ ತಿನ್ನಿಸುತ್ತಾರೆ. ಆಮೇಲೆ ಪ್ರತಿಯೊಂದನ್ನೂ, ಏನೂ ತಿನ್ನದ ಇನ್ನೊಂದು ಇಲಿಯ ಜೊತೆ ಸ್ವಲ್ಪ ಹೊತ್ತು ಬಿಡುತ್ತಾರೆ. ಎರಡೂ ಮೂತಿಗೆ ಮೂತಿ ತಾಗಿಸಿ ಮೂಸುತ್ತವೆ. ನಂತರ ಆ ಎರಡನೇ ಇಲಿಯ ಮುಂದೆ ಎರಡೂ ತಿಂಡಿ ಇಟ್ಟರೆ, ಗೆಳೆಯನ ಬಾಯಿಂದ ಯಾವ ವಾಸನೆ ಬಂದಿತ್ತೋ ಆ ತಿಂಡಿಗೇ ಮೊದಲು ಬಾಯಿ ಹಾಕುತ್ತದೆ. ಬರೀ ತಿಂಡಿಯ ವಾಸನೆ ಮಾತ್ರ ಇದ್ದರೆ ಸಾಲದು, ಉಸಿರಿನ ಜೊತೆ ಬರಬೇಕು. ಇಲಿಯ ಉಸಿರಿನಲ್ಲಿ ಕಾರ್ಬನ್ ಡೈಸಲ್ಫೈಡ್ ಅನ್ನುವ ರಾಸಾಯನಿಕ ಇರುತ್ತದೆ. ಗೇಲೆಫ್ ತಂಡ ಇಲಿಯ ಬದಲು ಹತ್ತಿಯ ಉಂಡೆಗೆ ತಿಂಡಿಯ ಪುಡಿ ಬಳಿದು, ಅದರ ಮೇಲೆ ಆ ರಾಸಾಯನಿಕದ ಹನಿ ಹಾಕಿಟ್ಟರೂ ಇಲಿಗಳು ಆ ತಿಂಡಿಯನ್ನು ಇಷ್ಟಪಡಲು ಶುರು ಮಾಡಿದವು. ಪ್ರಜ್ಞೆ ತಪ್ಪಿಸಿದ ಇಲಿಯ ಮೂತಿಗೆ ಪುಡಿ ಬಳಿದರೆ ಕೆಲಸ ಆಯಿತು, ಬಾಲದ ಕಡೆಗೆ ಬಳಿದರೆ ಆಗಲಿಲ್ಲ.

ಹಾಗಾದರೆ ಗೆಳೆಯ ಆ ತಿಂಡಿ ತಿಂದು ಕಾಯಿಲೆ ಬಿದ್ದಿದ್ದರೆ? ನೋಡುವ ಇಲಿ ಆ ತಿಂಡಿಯನ್ನು ಬಿಡಬೇಕಲ್ವಾ? ಬಿಡುವುದಿಲ್ಲ. 1983ರಲ್ಲಿ ಗೇಲೆಫ್ ತಂಡ ಇದನ್ನು ಬೇರೆ ಬೇರೆ ರೀತಿಯಲ್ಲಿ ಪರೀಕ್ಷಿಸಿತು. ನರಳುತ್ತಿರುವ ಇಲಿಯನ್ನು ಮೂಸಿದ ಇಲಿಗಳೂ ಆ ತಿಂಡಿಯನ್ನೇ ಜಾಸ್ತಿ ತಿಂದವು! ಪಕ್ಕದವನು ತಿಂದಿದ್ದಾನೆ ಎಂಬ ಸುದ್ದಿ ಮಾತ್ರ ತಲುಪುತ್ತದೆ. ತಿಂದು ಏನಾದ ಎಂಬುದು ತಲುಪುವುದಿಲ್ಲ.

ಹಾಗಿದ್ದೂ ಹಳೆಯ ಇಲಿಗಳು ಒಮ್ಮೆ ಬಿಟ್ಟ ಪಾಷಾಣವನ್ನು ಹೊಸ ಮರಿಗಳೂ ಮುಟ್ಟುವುದಿಲ್ಲ. ಜರ್ಮನಿಯ ಫ್ರಿಟ್ಸ್ ಸ್ಟೈನಿಗರ್ ಇಲಿ ನಿಯಂತ್ರಣದ ಕೆಲಸದಲ್ಲಿ ಇದನ್ನು ಗಮನಿಸಿ 1950ರಲ್ಲಿ ಬರೆದಿದ್ದರು. ಗೇಲೆಫ್ ಮತ್ತು ಮೆರ್ಟಿಸ್ ಕ್ಲಾರ್ಕ್ 1971ರಲ್ಲಿ ಇದನ್ನೇ ಲ್ಯಾಬಿಗೆ ತಂದರು. ಒಂದು ಗುಂಪಿನ ದೊಡ್ಡ ಇಲಿಗಳಿಗೆ ಎರಡು ಬಗೆಯ ತಿಂಡಿ ಇಟ್ಟು, ಒಂದರಲ್ಲಿ ಹೊಟ್ಟೆ ಕೆಡಿಸುವ ಔಷಧಿ ಬೆರೆಸಿದರು. ಅವು ಬೇಗನೆ ಅದನ್ನು ಬಿಟ್ಟವು. ಅಲ್ಲಿ ಹುಟ್ಟಿದ ಮರಿಗಳಿಗೆ ಔಷಧಿಯಿಲ್ಲದ ಶುದ್ಧ ತಿಂಡಿಯನ್ನೇ ಇಟ್ಟರೂ, ಅವು ದೊಡ್ಡವು ತಿನ್ನುವ ತಿಂಡಿಯ ಹತ್ತಿರವೇ ಹೋದವು. ಅಮ್ಮನ ಹಾಲಿನಲ್ಲಿ ಆ ರುಚಿ ಬಂದಿರುತ್ತದೆ. ದೊಡ್ಡ ಇಲಿ ನಿಂತು ತಿನ್ನುವ ಜಾಗಕ್ಕೆ ಮರಿ ಹೋಗಿ ಸೇರುತ್ತದೆ. ಅಲ್ಲಿ ಉಳಿದ ವಾಸನೆಯೂ ಕರೆಯುತ್ತದೆ. ಉಳಿದ ತಿಂಡಿಯೆಲ್ಲ ಮರಿಗೆ ಹೊಸದು, ಹೊಸದು ಅಂದರೆ ಅನುಮಾನ. ಹೀಗೆ, ಯಾವುದನ್ನು ತಿನ್ನಬಾರದು ಎಂದು ಯಾರೂ ಹೇಳಿಕೊಡದೆಯೇ ಮರಿಗಳು ಉಳಿದುಕೊಳ್ಳುತ್ತವೆ. ನಿಮ್ಮಜ್ಜಿ ಕಂಡದ್ದು ಸರಿ, ಮನೆಯ ಇಲಿಗಳಿಗೆಲ್ಲ ಸುದ್ದಿ ಮುಟ್ಟಿದ ಹಾಗೇ ಕಾಣುತ್ತದೆ. ಮುಟ್ಟುವ ದಾರಿ ಮಾತ್ರ ಕಿವಿಯದ್ದಲ್ಲ.

ಮನುಷ್ಯರೂ ಈ ಕಲಿಕೆಯಿಂದ ಹೊರಗಿಲ್ಲ. ಜಾತ್ರೆಯಲ್ಲಿ ಏನೋ ತಿಂದು ರಾತ್ರಿಯಿಡೀ ವಾಂತಿ ಮಾಡಿಕೊಂಡವರು ವರ್ಷಗಟ್ಟಲೆ ಅದರ ವಾಸನೆ ಬಂದರೂ ಮುಖ ತಿರುಗಿಸುತ್ತಾರೆ. ಬಸ್ಸಿನ ಕುಲುಕಾಟಕ್ಕೆ ವಾಂತಿ ಬಂದಿತ್ತು ಎಂದು ಗೊತ್ತಿದ್ದರೂ ತಪ್ಪು ಹೋಗುವುದು ತಿಂದ ಚಿತ್ರಾನ್ನದ ಮೇಲೆ. ಬುದ್ಧಿಗೆ ಗೊತ್ತಿರುವುದನ್ನು ಹೊಟ್ಟೆ ಕೇಳುವುದಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಐಲೀನ್ ಬರ್ನ್‌ಸ್ಟೈನ್ 1978ರಲ್ಲಿ ಪ್ರಕಟಿಸಿದ ಅಧ್ಯಯನ ಕ್ಯಾನ್ಸರ್ ಇದ್ದ ಮಕ್ಕಳ ಮೇಲಿನದು. ಕಿಮೋಥೆರಪಿಗೆ ಮುಂಚೆ ಮಕ್ಕಳಿಗೆ ಒಂದು ಅಪರೂಪದ ರುಚಿಯ ಐಸ್‌ಕ್ರೀಂ ಕೊಟ್ಟರು. ಕೆಲವು ವಾರದ ನಂತರ ಆ ಮಕ್ಕಳಲ್ಲಿ ಹೆಚ್ಚಿನವರು ಅದನ್ನು ಬೇಡ ಅಂದರು. ಇದರಿಂದ ಒಂದು ಒಳ್ಳೆಯ ಉಪಾಯ ಹುಟ್ಟಿತು. ಚಿಕಿತ್ಸೆಗೆ ಮುಂಚೆ ಮಗುವಿಗೆ ಹೊಸ ರುಚಿಯ ಪೆಪ್ಪರ್‌ಮಿಂಟ್ ಥರದ್ದೇನಾದರೂ ಕೊಟ್ಟರೆ ಜಿಗುಪ್ಸೆ ಅದರ ಮೇಲೆ ಹೋಗುತ್ತದೆ, ದಿನದ ಊಟ ಉಳಿಯುತ್ತದೆ. ಮನೆಯಲ್ಲಿ ಯಾರಿಗಾದರೂ ಕಿಮೋ ನಡೆಯುತ್ತಿದ್ದರೆ, ಚಿಕಿತ್ಸೆಗೆ ಸ್ವಲ್ಪ ಮುಂಚೆ ಅವರಿಗೆ ತುಂಬಾ ಇಷ್ಟದ ತಿಂಡಿ ಕೊಡದಿರುವುದು ಒಳ್ಳೆಯದು ಅನ್ನುವುದೂ ಇದೇ ಕಾರಣಕ್ಕೆ.

ಹೊಸ ರುಚಿಗೇ ಯಾಕೆ ತಪ್ಪು ಹೋಗುತ್ತದೆ? ದಿನಾ ತಿಂದು ಏನೂ ಆಗದ ತಿಂಡಿಯನ್ನು ಪ್ರಾಣಿ ಸುಲಭಕ್ಕೆ ಅನುಮಾನಿಸುವುದಿಲ್ಲ. ಇದರ ಮಿದುಳಿನ ಲೆಕ್ಕ ಈಚೆಗೆ ಸ್ವಲ್ಪ ಬಿಡಿಸಿದೆ. 2025ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ತಂಡ ಪುಟ್ಟ ಜಾತಿಯ ಇಲಿಗಳಿಗೆ ದ್ರಾಕ್ಷಿ ರುಚಿಯ ಪಾನೀಯ ಕುಡಿಸಿ, ಅರ್ಧ ಗಂಟೆಯ ನಂತರ ಹೊಟ್ಟೆ ಕೆಡಿಸಿ ನೋಡಿತು. ಹೊಸ ರುಚಿ ಕಂಡಾಗ ಮಿದುಳಿನ ಅಮಿಗ್ಡಲ ಭಾಗದ ಕೆಲವು ಕೋಶಗಳು ಚುರುಕಾಗುತ್ತವೆ. ಹೊಟ್ಟೆ ಕೆಟ್ಟ ಸುದ್ದಿ ಬಂದಾಗ ಅದೇ ಕೋಶಗಳು ಮತ್ತೆ ಎಚ್ಚರಗೊಳ್ಳುತ್ತವೆ. ಪರಿಚಯದ ರುಚಿಯಾದರೆ ಹಾಗೆ ಆಗುವುದಿಲ್ಲ.

ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಈ ತಿಳಿವಳಿಕೆಗಾಗಿ ಸಾವಿರಾರು ಇಲಿಗಳು ನರಳಿವೆ. ನಮ್ಮ ದೇಶದಲ್ಲಿ ಈಗ ಇಂಥ ಪ್ರಯೋಗ ಮಾಡಬೇಕಾದರೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದು ಇರಲೇಬೇಕು. ಅದೇ ತಿಳಿವಳಿಕೆ ಪ್ರಾಣಿ ಉಳಿಸಲೂ ಬಂದಿದೆ. ಆಸ್ಟ್ರೇಲಿಯಾಕ್ಕೆ 1935ರಲ್ಲಿ ತಂದು ಬಿಟ್ಟ ವಿಷದ ಕೇನ್ ಕಪ್ಪೆಗಳನ್ನು ತಿಂದು ಕ್ವೋಲ್ ಅನ್ನುವ, ಬೆಕ್ಕಿಗಿಂತ ಚಿಕ್ಕ ಪ್ರಾಣಿಗಳು ಸಾಯುತ್ತಿದ್ದವು. ಹೊಟ್ಟೆ ತೊಳಸುವ ಔಷಧಿ ಬೆರೆಸಿದ ಪುಟ್ಟ ಸತ್ತ ಕಪ್ಪೆ ತಿನ್ನಿಸಿ ಕಾಡಿಗೆ ಬಿಟ್ಟ ಕ್ವೋಲ್‌ಗಳು ಜಾಸ್ತಿ ದಿನ ಬದುಕಿದವು ಎಂದು 2010ರಲ್ಲಿ ಅಲ್ಲಿನ ಸಂಶೋಧಕರು ತೋರಿಸಿದರು.

ಇನ್ನು ನಿಮ್ಮ ಅಟ್ಟ. ಅಲ್ಲಿರುವುದು ತಿನ್ನುವ ಪದಾರ್ಥ. ಹಾಗಾಗಿ ಪುಡಿ ಪಾಷಾಣವನ್ನು ಅಟ್ಟಕ್ಕೆ ಮತ್ತೆ ಹತ್ತಿಸಲೇಬೇಡಿ. ಬೋನು ಸಾಕು, ಅದನ್ನು ಇಡುವ ರೀತಿ ಬದಲಾಯಿಸಿ. ಮೊದಲು ಬೋನಿನ ಬಾಗಿಲನ್ನು ತಂತಿಯಿಂದ ತೆರೆದೇ ಕಟ್ಟಿ, ಇಲಿ ಓಡಾಡುವ ಗೋಡೆಯಂಚಿಗೆ ಇಡಿ. ಒಳಗೆ ನುಚ್ಚು ಬೇಡ, ಆ ರುಚಿ ಈಗ ಕೆಟ್ಟಿದೆ. ಅವು ದಿನಾ ಕದ್ದು ತಿನ್ನುವ ಕೊಬ್ಬರಿಯನ್ನೇ ಹಾಕಿ. ಮೂರು ನಾಲ್ಕು ರಾತ್ರಿ ಅವು ಹೆದರದೆ ಬಂದು ತಿಂದು ಹೋಗಲಿ. ಇಟ್ಟದ್ದು ಬೆಳಗ್ಗೆ ಪೂರ್ತಿ ಖಾಲಿಯಾಗತೊಡಗಿದ ಮೇಲೆ ತಂತಿ ಬಿಚ್ಚಿ ಬೋನು ಹೂಡಿ. ಒಂದೇ ಬೋನು ಸಾಲದು, ಅದೇ ರಾತ್ರಿಗೆ ಹಲವು ಬೋನು ಇರಲಿ.

ಹೊಲದಲ್ಲಿ ಜಿಂಕ್ ಫಾಸ್ಫೈಡ್ ಬಳಸುವ ಮುಂಚೆ ಎರಡು ಮೂರು ದಿನ ವಿಷವಿಲ್ಲದ ತಿಂಡಿ ಇಡಿ ಎಂದು ಕೃಷಿ ಇಲಾಖೆಯವರು ಹೇಳುವುದೂ ಇದೇ ತತ್ವದ ಮೇಲೆ. ಹೊಸದೆಂಬ ಭಯ ಹೋಗುತ್ತದೆ, ಮೊದಲ ಸಲಕ್ಕೇ ಹೊಟ್ಟೆ ತುಂಬ ತಿನ್ನುತ್ತದೆ. ಬ್ರೊಮಾಡಿಯೊಲೋನ್ ಬಿಲ್ಲೆಗಳು ಇನ್ನೊಂದು ದಾರಿ. ಅವು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತವೆ, ಇಲಿ ಸಾಯುವುದು ಕೆಲವು ದಿನಗಳ ನಂತರ. ಆಗಲೇ ಹೇಳಿದ ಹಾಗೆ, ಇಷ್ಟು ತಡವಾಗಿ ಬಂದ ಕಾಯಿಲೆಯನ್ನು ಇಲಿ ತಿಂದ ರುಚಿಗೆ ಜೋಡಿಸಲಾರದು. ಅದಕ್ಕೇ ಬಿಲ್ಲೆಯನ್ನು ಮತ್ತೆ ಮತ್ತೆ ತಿನ್ನುತ್ತದೆ. ಆದರೆ ಅಂಥ ಇಲಿಯನ್ನು ತಿಂದ ಬೆಕ್ಕಿಗೂ ಗೂಬೆಗೂ ವಿಷ ಏರುತ್ತದೆ. ಗೂಬೆ ಇಲಿ ಹಿಡಿಯುವುದರಲ್ಲಿ ನಮಗಿಂತ ಎಷ್ಟೋ ಮೇಲು, ಅದನ್ನು ಕಳೆದುಕೊಳ್ಳಬೇಡಿ. ಬಿಲ್ಲೆ ಬಳಸಿದರೆ ಮಕ್ಕಳಿಗೆ, ನಾಯಿಗೆ ಸಿಗದ ಹಾಗೆ ಮುಚ್ಚಿದ ಡಬ್ಬಿಯಲ್ಲಿ ಮನೆಯ ಹೊರಗೆ ಇಡಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟದೆ ಆಳವಾಗಿ ಹೂಳಿ. ಯಾರಾದರೂ ಯಾವುದೇ ಪಾಷಾಣವನ್ನು ಬಾಯಿಗೆ ಹಾಕಿಕೊಂಡರೆ, ಏನೂ ಆಗಿಲ್ಲ ಎಂದು ಕಾಯಬೇಡಿ. ಪ್ಯಾಕೆಟ್ ಸಮೇತ ಕೂಡಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟಾದ ಮೇಲೆ ಅಟ್ಟದ ಸಂದುಗಳನ್ನು ಹುಡುಕಿ. ಹೆಬ್ಬೆರಳು ತೂರುವ ಸಂದಿದ್ದರೆ ಇಲಿಯೂ ತೂರುತ್ತದೆ ಎಂದೇ ಲೆಕ್ಕ ಇಟ್ಟುಕೊಳ್ಳಿ. ಹಂಚಿಗೂ ಗೋಡೆಗೂ ನಡುವಿನ ಜಾಗಕ್ಕೆ ಕಬ್ಬಿಣದ ಜಾಲರಿ ಬಡಿಸಿ. ಮನೆಗೆ ತಾಗಿದ ತೆಂಗಿನ ಮರಗಳಿಗೆ ತಗಡು ಸುತ್ತಿಸಿ. ಮಾಡಿನ ಮೇಲೆ ಬಾಗಿದ ಕೊಂಬೆ ಇದ್ದರೆ ಕಡಿಸಿ.